ಕೂರಲೊಲ್ಲದ ಯಜಮಾನ

ಚಾಚಕ್ ಪಟ್ಟಣದಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಚೆಂಡು ಪುಟಿಸಲು ಕಲಿಯುತ್ತವೆ ಎಂದು ಹೊರಗಿನವರು ಹೇಳುವುದುಂಟು. ಇದು ಉತ್ಪ್ರೇಕ್ಷೆ. ಅವು ಮೊದಲು ಕಲಿಯುವುದು ಚೆಂಡು ಪುಟಿಸುವವರನ್ನು ಬೈಯುವುದನ್ನು. ಬಾಸ್ಕೆಟ್‌ಬಾಲ್ ಆಡಬೇಕೆಂದರೆ ಎತ್ತರ ಬೇಕು, ಉಸಿರು ಬೇಕು, ಬೆಳಗ್ಗೆ ಬೇಗ ಏಳುವ ಅಭ್ಯಾಸ ಬೇಕು. ಬೈಯುವುದಕ್ಕೆ ಕುಡಿತ, ಕಾಫಿ, ಹರಟೆಗಳ ತಾಣವಾದ ರಾಯ್ಕೊನ ಕಫಾನಾದಲ್ಲಿ ಒಂದು ಕುರ್ಚಿ ಸಾಕು.

ಆ ವರ್ಷದ ಶರತ್ಕಾಲದಲ್ಲಿ ಊರಿನ ಬೈಗುಳವೆಲ್ಲ ಒಂದೇ ಬೆನ್ನಿನ ಮೇಲೆ ಬೀಳುತ್ತಿತ್ತು. ಅದು ತಾದಿಯಾನ ಬೆನ್ನು. ತಾದಿಯಾ ಇದೇ ಬೀದಿಯಲ್ಲಿ ಅಜ್ಜಿ ಕ್ರೂನಾಳ ಕೈಯಲ್ಲಿ ಬೆಳೆದ ಹುಡುಗ. ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳದೆ ಯಾರ ಮನೆಗೂ ನುಗ್ಗಲಾರದಷ್ಟು ಎತ್ತರ. ಈಗ ರಾಜಧಾನಿಯ ದೊಡ್ಡ ತಂಡವೊಂದರ ಆಧಾರಸ್ತಂಭ. ದುರದೃಷ್ಟವೆಂದರೆ ಈ ಸ್ತಂಭ ಪ್ರತಿ ಸೀಸನ್ನಿನಲ್ಲೂ ನಡುಮಧ್ಯಕ್ಕೆ ಬಿರುಕು ಬಿಡುತ್ತಿತ್ತು. ಬೆನ್ನು ಹಿಡಿದುಕೊಳ್ಳುವುದು, ವಾಸಿಯಾಗುವುದು, ಸರಿಯಾಗಿ ದೊಡ್ಡ ಪಂದ್ಯದ ಹಿಂದಿನ ದಿನ ಮತ್ತೆ ಹಿಡಿದುಕೊಳ್ಳುವುದು.

ಕಾರಣಗಳಿಗೆ ಕಫಾನಾದಲ್ಲಿ ಬರವಿರಲಿಲ್ಲ. ಮಾಲೀಕ ರಾಯ್ಕೊನ ಪ್ರಕಾರ ತಪ್ಪೆಲ್ಲ ವಿಮಾನದೊಳಗಿನ ತಣ್ಣನೆ ಗಾಳಿಯದು. ಕ್ಷೌರಿಕ ಝಿವೊತಾ ವಿದೇಶಿ ಹಾಸಿಗೆಗಳನ್ನು ದೂರುತ್ತಿದ್ದ. ಆದರೆ ಕೊನೆಯ ಮಾತು ಯಾವಾಗಲೂ ಸ್ರೆತೆನನದು. ಸ್ರೆತೆನ್ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಬಸ್ಸುಗಳು ಬರುವುದು ಹೋಗುವುದನ್ನು ಸಾರುವವನು. "ಬೆಲ್‌ಗ್ರೇಡಿನ ಬಸ್ಸು ತಡವಾಗಿ ಹೊರಡಲಿದೆ" ಎಂದು ಅವನು ಹೇಳಿದರೆ, ತಡವಾಗುವುದೇ ಬಸ್ಸಿನ ಘನತೆ ಎಂದು ಪ್ರಯಾಣಿಕರಿಗೆ ಅನ್ನಿಸಬೇಕು, ಅಂಥ ಗಂಟಲು. ಅದೇ ಗಂಟಲಿನಲ್ಲಿ ಅವನು ತಾದಿಯಾನ ಬೆನ್ನಿನ ವರದಿಯನ್ನೂ ಕೊಡುತ್ತಿದ್ದ.

"ಮಂಡಿ ಅನ್ನು, ಒಪ್ತೀನಿ. ಹಿಮ್ಮಡಿ ಅನ್ನು, ಅದೂ ಸರಿ. ಬೆನ್ನು ಅಂದ್ರೆ ಏನ್ರಯ್ಯಾ? ಬೆನ್ನು ನೋವು ಗಾಯ ಅಲ್ಲ, ಅದೊಂದು ಮೂಡು! ನಮ್ಮ ಕಾಲದಲ್ಲಿ ನಾನು ಮುರಿದ ಬೆರಳಲ್ಲಿ ಇಡೀ ಸೀಸನ್ ಮುಗಿಸಿದೆ."

ಬೆರಳು ಮುರಿದದ್ದು ನಿಜ. ಊರಿನ ಕಿರಿಯರ ತಂಡದಲ್ಲಿ ಅವನಿದ್ದದ್ದೂ ನಿಜ. ಬೆರಳು ಮುರಿದದ್ದು ಮಡಚುವ ಬೆಂಚಿನ ಸಂದಿಗೆ ಸಿಕ್ಕಿ. ಆ ಬೆಂಚಿನಿಂದ ಅವನನ್ನು ಆ ಸೀಸನ್ನಿಡೀ ಯಾರೂ ಏಳಿಸಿರಲಿಲ್ಲ. ಇದನ್ನು ಬಲ್ಲವರಲ್ಲಿ ಬಹುಪಾಲು ಜನ ಈಗ ಸ್ಮಶಾನದಲ್ಲಿದ್ದರು. ಉಳಿದವನು ಝಿವೊತಾ. ಅವನು ಸ್ರೆತೆನನ ಕೂಮ, ಅಂದರೆ ಮದುವೆಯಲ್ಲಿ ಪಕ್ಕಕ್ಕೆ ನಿಂತು ದೇವರೆದುರು ಸಾಕ್ಷಿಯಾದವನು. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಬಹುದು, ಕೂಮಂದಿರು ಒಬ್ಬರ ಸುಳ್ಳನ್ನು ಇನ್ನೊಬ್ಬರು ಬಿಟ್ಟುಕೊಡುವಂತಿಲ್ಲ.

ಅಷ್ಟರಲ್ಲೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸ್ರೆತೆನ್ ಎದ್ದು ನಿಂತು ಎದೆ ಬಡಿದುಕೊಂಡ.

"ಬರ್ಕೊಳ್ಳಿ! ನಾನು ಯಾವತ್ತಾದ್ರೂ ಬೆನ್ನು ಅಂತ ಮಲಗಿದ್ರೆ, ಕ್ರೂನಾಜ್ಜಿ ಮನೆ ಗೇಟಿನ ಮುಂದೆ, ನನ್ನ ಎರಡೂ ಕಾಲ ಮೇಲೆ ನಿಂತು, ಇಡೀ ಬೀದಿಗೆ ಕೇಳೋ ಹಾಗೆ ತಪ್ಪಾಯ್ತು ಅಂತೀನಿ!"

ಕಫಾನಾದ ಕಿಟಕಿ ತೆರೆದಿತ್ತು. ಹೊರಗಡೆ ಕೈಚೀಲದಲ್ಲಿ ಈರುಳ್ಳಿ ಸೊಪ್ಪು ಹಿಡಿದು ಕ್ರೂನಾಜ್ಜಿ ನಿಂತಿದ್ದಳು. ಅವಳು ಸ್ರೆತೆನನ ಕಡೆ ನೋಡಲೂ ಇಲ್ಲ.

"ರಾಯ್ಕೊ, ಕಿಟಕಿ ಹಾಕು ಮಗಾ. ಎದುರುಗಾಳಿ ಬಡಿದ್ರೆ ಯಾರ ಬೆನ್ನಾದ್ರೂ ಹಿಡ್ಕೊಳ್ಳುತ್ತೆ," ಎಂದು ಹೇಳಿ ಹೋದಳು. ಆ ದಿನದಿಂದ ಸ್ರೆತೆನನ ಜೊತೆ ಅವಳ ಮಾತು ನಿಂತಿತು.

ನವೆಂಬರಿನಲ್ಲಿ ಸ್ರೆತೆನನ ಮನೆದೇವರ ಹಬ್ಬ, ಸ್ಲಾವಾ. ಅವನ ವಂಶವನ್ನು ಕಾಯುವವನು ದೇವದೂತ ಮಿಖೈಲ. ಕತ್ತಿ ಹಿಡಿದವನು, ನಾಜೂಕಿನವರನ್ನು ಕಂಡರಾಗದು. ಹಬ್ಬದ ಹಿಂದಿನ ದಿನ ಹೆಂಡತಿ ದೇಸಾಂಕಾ ಮಾಂಸ ತುಂಬಿದ ಸಾರ್ಮಾ ಸುತ್ತಲು ಹುಳಿ ಕೋಸಿನ ಎಲೆ ಕೇಳಿದಳು. ಕೋಸು ಉಗ್ರಾಣದ ಪೀಪಾಯಿಯಲ್ಲಿ ಉಪ್ಪುನೀರಿನೊಳಗೆ ಮುಳುಗಿತ್ತು. ಅದು ತೇಲದಂತೆ ಮೇಲೊಂದು ಹೊಳೆಯ ಕಲ್ಲು. ಸ್ರೆತೆನನ ತಂದೆ ಮೊರಾವಾ ಹೊಳೆಯಿಂದ ತಂದ ಕಲ್ಲು ಅದು.

"ಎರಡು ಕೈ ಹಾಕಿ ಎತ್ತಿ. ಇಲ್ಲಾ ಝಿವೊತಾನ್ನ ಕರೀರಿ," ಎಂದಳು ದೇಸಾಂಕಾ.

"ಕಲ್ಲು ಎತ್ತೋಕೆ ಕ್ಷೌರಿಕ ಬೇಕಾ ನಂಗೆ? ನೋಡ್ಕೋ. ತಾದಿಯಾ ಸಾಹೇಬ್ರು ಇದನ್ನ ನೋಡಿದ್ರೇ ಸ್ಟ್ರೆಚರ್ ತರಿಸ್ತಿದ್ರು."

ಒಂದು ಕೈಯಲ್ಲಿ ಎತ್ತಿದ. ಕಲ್ಲು ಬಂತು. ಬೆನ್ನಿನೊಳಗೆ ಎಲ್ಲೋ ಒಣ ರೆಂಬೆ ಮುರಿದ ಹಾಗೆ ಒಂದು ಸದ್ದೂ ಬಂತು. ಕಲ್ಲು ಪೀಪಾಯಿಗೇ ಮರಳಿತು, ಉಪ್ಪುನೀರು ಸ್ರೆತೆನನ ಮುಖಕ್ಕೆ ಚಿಮ್ಮಿತು. ಅವನು ಪೀಪಾಯಿಯ ಅಂಚು ಹಿಡಿದು, ಯಾವುದೋ ಬಹಳ ದೂರದ ವಿಷಯ ಆಲೋಚಿಸುತ್ತಿರುವವನಂತೆ, ಅಲ್ಲಾಡದೆ ನಿಂತ.

"ಏನಾಯ್ತು?"

"ಏನೂ ಇಲ್ಲ."

"ಮತ್ತೆ ಯಾಕೆ ಅಳ್ತಿದೀರಿ?"

"ಉಪ್ಪುನೀರು ಕಣೇ."

ದೇಸಾಂಕಾ ಅವನನ್ನು ಗೋಡೆ ಹಿಡಿಸಿ ಒಳಗೆ ಸಾಗಿಸಿದಳು. ಹಣ್ಣಿನ ಸಾರಾಯಿ ರಾಕಿಯಾದಲ್ಲಿ ಅದ್ದಿದ ಕೋಸಿನ ಎಲೆಯನ್ನು ಸೊಂಟಕ್ಕೆ ಹಚ್ಚಿ, ತನ್ನ ಉಣ್ಣೆಯ ಶಾಲಿನಿಂದ ಬಿಗಿದು ಕಟ್ಟಿದಳು. ಕೂರಿಸಲು ನೋಡಿದಳು, ಆಗಲಿಲ್ಲ. ಮಲಗಬಹುದಿತ್ತು, ನಿಲ್ಲಬಹುದಿತ್ತು. ನಡುವಿನದೇನೂ ಇನ್ನು ಅವನ ಪಾಲಿಗಿರಲಿಲ್ಲ.

"ನಾಳೆ ಬಂದವರಿಗೆ ಹುಷಾರಿಲ್ಲ ಅಂತ ಹೇಳ್ಬಿಡ್ತೀನಿ."

"ನನ್ನ ಹೆಣದ ಮೇಲೆ ಹೇಳು! ಬೆನ್ನು ಅಂತ ಬಾಯಿ ಬಿಟ್ರೆ ನಾನು ಆ ಗೇಟಿನ ಮುಂದೆ ನಿಲ್ಬೇಕು, ಗೊತ್ತಾ? ಆಮೇಲೆ ನಿಲ್ದಾಣದ ಮೈಕು ಹಿಡಿದು ಉಜಿತ್ಸೆ ಬಸ್ಸು ಬಂತು ಅಂದ್ರೂ ಜನ ನಗ್ತಾರೆ."

"ಉಜಿತ್ಸೆ ಬಸ್ಸು ಬಂತು ಅಂದ್ರೆ ಈಗ್ಲೂ ಯಾರೂ ನಂಬಲ್ಲ," ಎಂದು ದೇಸಾಂಕಾ ದೀಪ ಆರಿಸಿದಳು.

ಬೆಳಗ್ಗೆ ಪಾದ್ರಿ ಬಂದರು. ಹಬ್ಬದ ರೊಟ್ಟಿಯನ್ನು ಪಾದ್ರಿ ಮತ್ತು ಯಜಮಾನ ಇಬ್ಬರೂ ಹಿಡಿದು, ತಿರುಗಿಸಿ, ಮೇಲಕ್ಕೆತ್ತಬೇಕು. ಸ್ರೆತೆನ್ ತಲೆಯನ್ನಾಗಲಿ ಸೊಂಟವನ್ನಾಗಲಿ ಬಾಗಿಸದೆ, ಗೋಡೆಯ ಮೇಲಿನ ಪಟದ ಮಿಖೈಲನಂತೆಯೇ ನೆಟ್ಟಗೆ ನಿಂತು ಎತ್ತಿದ. ಬೇರೆ ವರ್ಷಗಳಲ್ಲಿ ಪ್ರಾರ್ಥನೆಯ ಮಧ್ಯೆ ಹುರಿದ ಹಂದಿಮರಿಯ ಕಡೆ ಇಣುಕುತ್ತಿದ್ದವನು ಈ ಸಲ ಕತ್ತು ತಿರುಗಿಸಲೇ ಇಲ್ಲ. ಪಾದ್ರಿಗೆ ಸಂತೋಷವಾಯಿತು.

"ಇದು ಭಕ್ತಿ, ಸ್ರೆತೆನ್. ನಿಮ್ಮ ತಂದೇನ ನೋಡಿದ ಹಾಗಾಯ್ತು."

ತಂದೆಯ ಮಾತು ಬಂದದ್ದೇ ಅನಾಹುತಕ್ಕೆ ಮೂಲ. ಹಿಂದಿನವರ ಕಟ್ಟಳೆಯಂತೆ ಸ್ಲಾವಾದ ದಿನ ಮನೆಯಲ್ಲಿ ಅತಿಥಿಗಳಿರುವಷ್ಟು ಹೊತ್ತು ಯಜಮಾನ ಕೂರುವಂತಿಲ್ಲ. ಬಡಿಸುತ್ತ, ಉಪಚರಿಸುತ್ತ ನಿಂತೇ ಇರಬೇಕು. ಸ್ರೆತೆನನ ತಂದೆ ಹಾಗೆ ನಿಲ್ಲುತ್ತಿದ್ದ. ಸ್ರೆತೆನ್ ಮಾತ್ರ ಪ್ರತಿ ವರ್ಷ ಮೊದಲ ಸೂಪು ಬರುವ ಮುಂಚೆಯೇ ಕಾಲು ಚಾಚಿ ಕೂತಿರುತ್ತಿದ್ದ. ಈ ವರ್ಷ ಸೂಪು ಬಂತು, ಸಾರ್ಮಾ ಬಂತು, ಹಂದಿಮರಿ ಬಂತು, ಮನೆ ತುಂಬ ಜನ ಬಂದರು. ಯಜಮಾನ ಕೂರಲಿಲ್ಲ.

ಮೊದಲು ಗಮನಿಸಿದವನು ಝಿವೊತಾ.

"ಕೂಮಾ, ಸ್ವಲ್ಪ ಕೂತ್ಕೋ."

"ಇವತ್ತು ಕೂರೋದೇ?" ಸ್ರೆತೆನ್ ಹಲ್ಲು ಕಚ್ಚಿ ಹೇಳಿದ. ಹಲ್ಲು ಕಚ್ಚಿದ್ದು ನೋವಿಗೆ. ಕೇಳಿದವರಿಗೆ ಅದು ಸಂಕಲ್ಪದಂತೆ ಕಂಡಿತು.

ಝಿವೊತಾನ ಕಣ್ಣು ಒದ್ದೆಯಾಯಿತು. "ಕೇಳಿದ್ರಾ? ನಿಂತಿರೋದು ನೋಡಿ! ಸರಳು ನೆಟ್ಟ ಹಾಗೆ! ಈ ವಯಸ್ಸಲ್ಲಿ!"

"ಅಲ್ಲೊಬ್ಬ ಕೋಟಿಗಟ್ಟಲೆ ಎಣಿಸ್ಕೊಂಡು ಬೆಂಚಲ್ಲಿ ಕೂತಿದಾನೆ," ಎಂದ ರಾಯ್ಕೊ, ಬಾಯಿ ತುಂಬ ಹಂದಿಮಾಂಸ. "ಇಲ್ಲಿ ಬಸ್ ಸ್ಟ್ಯಾಂಡಿನವನು ಬೆಳಗ್ಗೆಯಿಂದ ಕುಂಡೆ ಊರಿಲ್ಲ. ಬೆನ್ನು ಅಂದ್ರೆ ಇದು! ಸ್ರೆತೆನನ ಬೆನ್ನಿಗೆ!"

ಎಲ್ಲರೂ ಗ್ಲಾಸು ಎತ್ತಿ ಸ್ರೆತೆನನ ಬೆನ್ನಿಗೆ ಕುಡಿದರು. ಸ್ರೆತೆನನೂ ಕುಡಿದ. ರಾಕಿಯಾ ಗಂಟಲಲ್ಲಿ ಇಳಿಯಲು ತಲೆ ಹಿಂದಕ್ಕೆ ಬಾಗಬೇಕಿತ್ತು. ಅಷ್ಟಕ್ಕೇ ಅವನ ಕಣ್ಣ ಮುಂದೆ ದೇವದೂತರ ಇಡೀ ಸೈನ್ಯ ಹಾದುಹೋಯಿತು. ದೇಸಾಂಕಾ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಕಟ್ಟಿ, ತಾನು ಯಾಕೆ ತವರೂರಾದ ಗೂಚಾದಲ್ಲೇ ಮದುವೆಯಾಗಿ ಉಳಿಯಲಿಲ್ಲವೋ ಎಂಬಂತೆ ನೋಡುತ್ತಿದ್ದಳು.

"ಇಲ್ಲೇನೋ ಹುಳಿ ಕೋಸಿನ ವಾಸನೆ," ಎಂದಳು ಸ್ರೆತೆನನ ಪಕ್ಕ ಕೂತಿದ್ದ ಚಿಕ್ಕಮ್ಮ.

"ಸಾರ್ಮಾ ಚಿಕ್ಕಮ್ಮಾ, ಸಾರ್ಮಾ!" ಎಂದು ದೇಸಾಂಕಾ ಅವಳ ತಟ್ಟೆಗೆ ಇನ್ನೆರಡು ಹಾಕಿದಳು.

ಎಲ್ಲರೂ ಎದ್ದು ಹೋಗುವವರೆಗೆ ತಡೆದರೆ ಸಾಕು, ಆಮೇಲೆ ನೆಲದ ಮೇಲೆ ಮೂರು ದಿನ ಸತ್ತು ಬೀಳಬಹುದು ಎಂದು ಸ್ರೆತೆನ್ ಲೆಕ್ಕ ಹಾಕುತ್ತಿದ್ದ. ಆಗ ಬಾಗಿಲ ಚೌಕಟ್ಟಿಗೆ ಹಣೆ ಬಡಿದ ಸದ್ದಾಯಿತು.

ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿರುತ್ತದೆ, ಬಂದವರು ಬಂದರು. ಜಗಳವಾಡಿದವರನ್ನೂ ಹೊಸ್ತಿಲಲ್ಲಿ ತಡೆಯುವಂತಿಲ್ಲ. ಕ್ರೂನಾಜ್ಜಿಗೆ ಈ ಕಟ್ಟಳೆ ಚೆನ್ನಾಗಿ ಗೊತ್ತಿತ್ತು. ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಅವಳು ಮುಂದೆ; ಹಣೆ ಉಜ್ಜಿಕೊಳ್ಳುತ್ತ ತಾದಿಯಾ ಹಿಂದೆ. ಬೆನ್ನು ವಾಸಿಯಾಗಲೆಂದು ತಂಡದವರು ಅವನನ್ನು ಮನೆಗೆ ಕಳಿಸಿದ್ದರು.

"ಹಬ್ಬದ ಶುಭಾಶಯ, ಯಜಮಾನರೇ," ಎಂದಳು ಕ್ರೂನಾಜ್ಜಿ. ಆ "ಯಜಮಾನರೇ" ಗುರಿ ನೋಡಿ ಹೊಡೆದಂತಿತ್ತು.

ಕೂತವರ ಚಮಚಗಳು ತಟ್ಟೆಗಿಳಿದವು. ಅಜ್ಜಿ ಗೋಡೆಯ ಪಕ್ಕದ ಗಿಡ್ಡ ದಿವಾನದ ಮೇಲೆ ಕೂತಳು. ತಾದಿಯಾನಿಗೆ ಯಾರೋ ಕುರ್ಚಿ ಎಳೆದರು.

"ಬೇಡ, ನಿಂತಿರ್ತೀನಿ," ಎಂದ ತಾದಿಯಾ.

"ಯಾಕಪ್ಪಾ? ನಮ್ಮ ಕುರ್ಚಿ ಸಣ್ಣದಾಯ್ತಾ?" ರಾಯ್ಕೊ ಕೇಳಿದ.

"ಯಜಮಾನರು ನಿಂತಿದಾರಲ್ಲ."

ಝಿವೊತಾ ರಾಯ್ಕೊನ ಪಕ್ಕೆಗೆ ತಿವಿದ. ಪಿಸುಮಾತು ಎಂದುಕೊಂಡು ಅವನು ಹೇಳಿದ್ದು ಬೀದಿಯ ತುದಿಗೂ ಕೇಳಿಸುತ್ತಿತ್ತು: "ಸವಾಲು ಕಣೋ! ಸ್ರೆತೆನ್ ಕೂರೋವರೆಗೆ ಇವನೂ ಕೂರಲ್ಲ!"

ಇಷ್ಟು ಸಾಕಾಯಿತು. ಊರಿನಲ್ಲಿ ಪಂದ್ಯ ನೋಡದೆ ಎಷ್ಟೋ ವಾರಗಳಾಗಿದ್ದವು. ಕುರ್ಚಿಗಳು ತಾವಾಗಿಯೇ ಎರಡು ಸಾಲಾದವು. ಈ ಕಡೆ ಸ್ರೆತೆನನವರು, ಆ ಕಡೆ ತಾದಿಯಾನ ದೂರದ ನಂಟರು ಮತ್ತು ಸ್ರೆತೆನನಿಂದ ತಪ್ಪು ಬಸ್ಸಿಗೆ ಹತ್ತಿ ನೊಂದವರು.

"ಹುಡುಗ ಎಡಗಾಲಿಗೆ ಭಾರ ಬದಲಾಯಿಸ್ದ. ಸೋತ!"

"ಅದು ತಂತ್ರ ಕಣೋ. ನಿನ್ನ ಸ್ರೆತೆನ್ ಆಗ್ಲೇ ಬೆವರ್ತಿದಾನೆ."

"ಒಲೆ ಉರೀತಿದೆ, ಬೆವರದೇ ಇನ್ನೇನು?"

ಸ್ರೆತೆನ್ ಮಾತ್ರ ತಾದಿಯಾನನ್ನೇ ನೋಡುತ್ತಿದ್ದ. ಹುಡುಗ ಮೇಜಿನಿಂದ ಗ್ಲಾಸು ತೆಗೆದುಕೊಳ್ಳಲು ಬಾಗಲಿಲ್ಲ; ಮಂಡಿಗಳನ್ನು ಮಡಚಿ, ನೀರಿಗೆ ಇಳಿಯುವವನಂತೆ ಇಡೀ ದೇಹವನ್ನೇ ಇಳಿಸಿ, ಮತ್ತೆ ಮೇಲೆ ಬಂದ. ಇದು ಅಹಂಕಾರವಲ್ಲ, ಸವಾಲೂ ಅಲ್ಲ ಎಂದು ಸ್ರೆತೆನನ ಶಾಲಿನೊಳಗಿನ ಕೋಸೆಲೆಗೆ ಒಡನೆಯೇ ಅರ್ಥವಾಯಿತು. ಸ್ರೆತೆನ್ ಸರಿದು ಹುಡುಗನ ಪಕ್ಕಕ್ಕೆ ಹೋದ.

"ಕೂರಕ್ಕಾಗಲ್ವಾ?" ತುಟಿ ಅಲ್ಲಾಡಿಸದೆ ಕೇಳಿದ.

"ಇಲ್ಲ ಮಾಮಾ. ನಿಮಗೆ?"

"ನನಗೇನಾಗಿದೆ?"

"ಕೋಸೆಲೆ ವಾಸನೆ ಬರ್ತಿದೆ. ನಂಗೂ ಅಜ್ಜಿ ಅದನ್ನೇ ಕಟ್ಟಿರೋದು."

ಸ್ರೆತೆನನಿಗೆ ಆ ಕ್ಷಣ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಬೆನ್ನು ಒಪ್ಪಲಿಲ್ಲ.

"ಯಜಮಾನರೇ," ದಿವಾನದಿಂದ ದನಿ ಬಂತು. "ಹೊಸದಾಗಿ ಬಂದವರಿಗೆ ಹಬ್ಬದ ರೊಟ್ಟಿ ಇಲ್ವಾ?"

ಸ್ರೆತೆನ್ ತಟ್ಟೆ ಹಿಡಿದು ದಿವಾನದ ಮುಂದೆ ನಿಂತ. ಅಜ್ಜಿ ಮೊದಲೇ ಗಿಡ್ಡ, ದಿವಾನವೂ ಗಿಡ್ಡ. ತಟ್ಟೆ ಅವಳ ತಲೆಗಿಂತ ಮೇಲೆ ನಿಂತಿತು. ಅವಳು ಕೈ ಎತ್ತಲಿಲ್ಲ. ಮಡಿಲಲ್ಲಿ ಕೈ ಜೋಡಿಸಿಕೊಂಡು, ತಾಳ್ಮೆಯಿಂದ, ಮೇಲೆ ನೋಡಿದಳು.

"ಸ್ವಲ್ಪ ಕೆಳಗೆ ಕೊಡು ಮಗಾ. ನಂಗೆ ಭುಜ ನೋವು. ನಿಂಗೇನು, ಗಟ್ಟಿಮುಟ್ಟು."

ಸ್ರೆತೆನ್ ಒಂದು ಬೆರಳಗಲ ಬಾಗಿದ. ಬೆನ್ನು ಅಲ್ಲೇ ಬೀಗ ಹಾಕಿತು. ತಟ್ಟೆ ಓರೆಯಾಯಿತು. ರೊಟ್ಟಿಯ ತುಂಡು ಜಾರಿ, ಅಂಚಿನಲ್ಲಿ ಒಂದು ಕ್ಷಣ ತಡೆದು, ನೆಲಕ್ಕೆ ಬಿತ್ತು.

ಪಾದ್ರಿ ಹರಸಿದ ರೊಟ್ಟಿ. ಅದು ನೆಲದಲ್ಲಿ ಬಿದ್ದಿರಬಾರದು. ಬೀಳಿಸಿದವನೇ ಎತ್ತಿ ಮುತ್ತಿಡಬೇಕು. ಇಡೀ ಮನೆ ಕಾಯುತ್ತಿತ್ತು. ಸ್ರೆತೆನ್ ರೊಟ್ಟಿಯನ್ನು ನೋಡಿದ. ಅವನಿಗೂ ಅದಕ್ಕೂ ನಡುವೆ ಬೆಲ್‌ಗ್ರೇಡಿನಷ್ಟು ದೂರವಿತ್ತು, ಬಸ್ಸಿರಲಿಲ್ಲ.

"ಸೊಂಟ ಬಗ್ಗಿಸ್ಬೇಡಿ ಮಾಮಾ," ಹಿಂದಿನಿಂದ ತಾದಿಯಾ ಪಿಸುಗುಟ್ಟಿದ. "ಮಂಡಿ ಮಡಚಿ. ಬೆನ್ನು ನೆಟ್ಟಗೆ. ಉಸಿರು ಬಿಡ್ತಾ ಇಳೀರಿ."

ಸ್ರೆತೆನ್ ಹಾಗೆಯೇ ಇಳಿದ. ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು. ಕಣ್ಣು ಮುಚ್ಚಿತ್ತು, ಮುಖ ಛಾವಣಿಯ ಕಡೆ ಎತ್ತಿತ್ತು. ಚಿಕ್ಕಮ್ಮ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಮೊಣಕಾಲೂರಿದ! ರೊಟ್ಟಿ ಬಿತ್ತು ಅಂತ ಮೊಣಕಾಲೂರಿದ!"

ಝಿವೊತಾ ಬಿಕ್ಕಿದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಎದುರು ಸಾಲಿನವರೂ ಟೋಪಿ ತೆಗೆದರು. ರಾಯ್ಕೊ ಅಗಿಯುವುದನ್ನು ನಿಲ್ಲಿಸಿದ್ದು ಆ ದಿನ ಅದೇ ಮೊದಲು. ಸ್ರೆತೆನ್ ಮುಂದಕ್ಕೆ ಕೈಯೂರಿ, ರೊಟ್ಟಿಯನ್ನು ಹಿಡಿದು, ಮುತ್ತಿಟ್ಟ. ಆಮೇಲೆ ಏನೂ ನಡೆಯಲಿಲ್ಲ. ಅವನು ನಾಲ್ಕೂ ಕಾಲಿನ ಮೇಲೆ ಹಾಗೇ ಉಳಿದ.

"ಎಷ್ಟು ಹೊತ್ತು ಪ್ರಾರ್ಥನೆ ಮಾಡ್ತಾನೆ ನೋಡು," ಝಿವೊತಾ ಗದ್ಗದವಾಗಿ ಹೇಳಿದ. "ತಂದೇನ ನೆನೆಸ್ಕೊಂಡಿರ್ಬೇಕು."

"ಅವನು ಪ್ರಾರ್ಥನೆ ಮಾಡ್ತಿಲ್ಲ," ಎಂದಳು ಕ್ರೂನಾಜ್ಜಿ. "ಅವನಿಗೆ ಏಳಕ್ಕಾಗ್ತಿಲ್ಲ."

ತಾದಿಯಾ ಎತ್ತಲು ಮುಂದೆ ಬಂದ, ಅರ್ಧಕ್ಕೆ ಇಳಿದ, "ಅಯ್ಯೋ" ಎಂದ, ಗೋಡೆ ಹಿಡಿದುಕೊಂಡ. ದೇಸಾಂಕಾ ಬಂದು ಗಂಡನನ್ನು ಮೆಲ್ಲಗೆ ಮಗ್ಗುಲಿಗೆ ಉರುಳಿಸಿದಳು. ಕೋಟು ಮೇಲೆ ಸರಿಯಿತು. ಉಣ್ಣೆಯ ಶಾಲೂ ಅದರ ಅಂಚಿನಿಂದ ಇಣುಕುತ್ತಿದ್ದ ಕೋಸೆಲೆಯೂ ಊರಿಗೆಲ್ಲ ಕಂಡವು.

ಜನ ಕರುಣೆಯಿಂದ ಮುತ್ತಿಕೊಳ್ಳುತ್ತಾರೆಂದು ಸ್ರೆತೆನ್ ಎಣಿಸಿದ್ದರೆ ಅವನು ತನ್ನೂರನ್ನು ಅರಿತಿರಲಿಲ್ಲ. ಎಲ್ಲರೂ ಮತ್ತೆ ಕೂತರು. ಸ್ಲಾವಾದಲ್ಲಿ ಊಟದ ನಡುವೆ ಎದ್ದು ಹೋಗುವುದು ಮನೆಗೆ ಅವಮಾನ.

"ನಿಜವಾಗ್ಲೂ ನೋವಿದ್ಯಾ, ಇಲ್ಲಾ..." ರಾಯ್ಕೊ ಮಾತು ತೇಲಿಬಿಟ್ಟ.

"ಬೆಳಗ್ಗೆಯಿಂದ ಚೆನ್ನಾಗಿದ್ನಲ್ಲ! ತಾದಿಯಾ ಬಂದ ಮೇಲೇ ಹಿಡ್ಕೊಂಡಿದ್ದು. ದೊಡ್ಡ ಪಂದ್ಯ ಅಂದ್ರೆ ಕೆಲವರಿಗೆ ಹಾಗೇ."

"ಎಲ್ಲಾ ತಲೇಲಿರೋದು. ಮನಸ್ಸು ಮಾಡಿದ್ರೆ ಎದ್ದೇಳ್ತಾನೆ."

"ಅವರಪ್ಪ ಎಂಬತ್ತರವರೆಗೂ ಕೋಸಿನ ಪೀಪಾಯಿ ಕಲ್ಲು ಎತ್ತಿದ್ರಪ್ಪಾ. ಈಗಿನವರು ಮೆತ್ತಗೆ."

"ಕೂಮಾ," ಝಿವೊತಾ ಅವನ ಕಿವಿಯ ಹತ್ತಿರ ಬಾಗಿ, ಅತ್ಯಂತ ಪ್ರೀತಿಯಿಂದ ಹೇಳಿದ, "ಬೆರಳು ಮುರಿದಾಗ ಆಡ್ದೆ ನೀನು. ಇದು ಬರೀ ಮೂಡು. ನೀನೇ ಹೇಳಿದ್ದಲ್ವಾ? ಏಳು."

ಆಗ ನೆಲದಿಂದ ಬಸ್ ನಿಲ್ದಾಣದ ಗಂಟಲು ಎದ್ದಿತು. ಕಿಟಕಿಯ ಗಾಜು ನಡುಗಿತು.

"ಬೆನ್ನು ಮೂಡು ಅಲ್ರೋ, ದನಗಳಾ! ಬೆನ್ನು ಬೆನ್ನೇ! ಹುಡುಗ ಇಷ್ಟು ವರ್ಷ ಇದನ್ನ ಹೊತ್ಕೊಂಡು ಓಡಿದಾನೆ, ನಂಗೆ ಒಂದು ರೊಟ್ಟಿ ಎತ್ತಕ್ಕಾಗ್ಲಿಲ್ಲ! ತಪ್ಪಾಯ್ತು! ಕೇಳಿಸ್ತಾ ಅಜ್ಜೀ? ತಪ್ಪಾಯ್ತು!"

ಕ್ರೂನಾಜ್ಜಿ ತಲೆವಸ್ತ್ರ ಸರಿಮಾಡಿಕೊಂಡಳು.

"ನೀನು ಅಂದಿದ್ದು ಗೇಟಿನ ಮುಂದೆ. ಎರಡೂ ಕಾಲ ಮೇಲೆ ನಿಂತು."

"ಹೌದು ಹೌದು," ರಾಯ್ಕೊ ಒಪ್ಪಿದ. "ನನ್ನ ಕಫಾನಾದಲ್ಲೇ ಅಂದಿದ್ದು. ಮಲಗಿ ಹೇಳಿದ್ದು ಲೆಕ್ಕಕ್ಕಿಲ್ಲ."

ಮಲಗಿ ಹೇಳಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂಬ ಚರ್ಚೆ ಕಾಫಿಯವರೆಗೂ ನಡೆಯಿತು. ಯಜಮಾನನ ಕಾಲುಗಳನ್ನು ಎಚ್ಚರದಿಂದ ದಾಟುತ್ತ ಜನ ಎರಡನೇ ಸಲ ಸಾರ್ಮಾ ಹಾಕಿಸಿಕೊಂಡರು. ಕೊನೆಗೆ ಹಬ್ಬದ ಮೇಣದಬತ್ತಿಯನ್ನು ಯಜಮಾನನೇ ದ್ರಾಕ್ಷಾರಸ ಸುರಿದು ನಂದಿಸಬೇಕಾದಾಗ, ಅದನ್ನು ನೆಲಕ್ಕೆ ಇಳಿಸಬೇಕಾಯಿತು. ಸ್ರೆತೆನ್ ಮಲಗಿದಲ್ಲಿಂದಲೇ ಸುರಿದ. ಅರ್ಧ ಅವನ ತೋಳಿಗೇ ಬಿತ್ತು.

ಮರುದಿನದಿಂದ ಕ್ರೂನಾಜ್ಜಿ ಬಾತುಕೋಳಿಯ ಕೊಬ್ಬಿನ ಡಬ್ಬಿ ಹಿಡಿದು ಬರತೊಡಗಿದಳು. ಪ್ರೀತಿಯಿಂದೇನಲ್ಲ. "ನಿಲ್ಲೋ ಹಾಗೆ ಮಾಡಿದ್ರೆ ತಾನೇ ಗೇಟಿಗೆ ಬರೋದು" ಎಂದು ದೇಸಾಂಕಾಳಿಗೆ ಹೇಳುತ್ತ, ಹಿಟ್ಟು ನಾದುವಂತೆ ಅವನ ಸೊಂಟವನ್ನು ನಾದುತ್ತಿದ್ದಳು. ಅತ್ತ ಕಫಾನಾದಲ್ಲಿ ಹೊಸ ವಿಷಯ ಸಿಕ್ಕಿತ್ತು. ಭಾನುವಾರ ಗೇಟಿನ ಮುಂದೆ ನಿಲ್ಲಲು ಸ್ರೆತೆನ್ ತಯಾರಾಗುತ್ತಾನೋ ಇಲ್ಲವೋ? ರಾಯ್ಕೊ ಇಲ್ಲ ಅನ್ನುತ್ತಿದ್ದ. ಝಿವೊತಾ, ಕೂಮನ ಧರ್ಮಕ್ಕೆ ಕಟ್ಟುಬಿದ್ದು, ಅನುಮಾನ ಅನ್ನುತ್ತಿದ್ದ.

ಆದ. ಭಾನುವಾರ ಇಡೀ ಬೀದಿ ಗೇಟಿನ ಮುಂದೆ ಸೇರಿತು. ಸ್ರೆತೆನ್ ಬೇಲಿ ಹಿಡಿಯದೆ, ಎರಡೂ ಕಾಲ ಮೇಲೆ ನಿಂತು, ಟೋಪಿ ತೆಗೆದು, ಎಲ್ಲ ಬಸ್ಸುಗಳೂ ಒಟ್ಟಿಗೆ ರದ್ದಾದಂಥ ದನಿಯಲ್ಲಿ ತಪ್ಪಾಯ್ತು ಎಂದು ಸಾರಿದ. ಎದುರು ಮನೆಯ ನಾಯಿಯೂ ಎದ್ದು ಕೂತಿತು.

ಒಂದಷ್ಟು ಹೊತ್ತಿನ ಮೇಲೆ ಕಿಟಕಿ ತೆರೆದು ಕ್ರೂನಾಜ್ಜಿ ತಲೆ ಹಾಕಿದಳು.

"ಯಾರದು ಕೂಗಾಡ್ತಿರೋದು? ಎದುರುಗಾಳಿ ಅಂತ ಕಿಟಕಿ ಹಾಕ್ಕೊಂಡಿದ್ದೆ, ಏನೂ ಕೇಳಿಸ್ಲಿಲ್ಲ. ಒಳಗೆ ಬಾ. ಕೂತ್ಕೊಂಡು ಹೇಳು."

ಕೂರುವುದು ಇನ್ನೂ ಅವನಿಂದಾಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ತಾನೇ ನಾದಿದ್ದಳು. ಸ್ರೆತೆನ್ ನಿಟ್ಟುಸಿರಿಟ್ಟು ಒಳಗೆ ಹೋದ. ಅಡುಗೆಮನೆಯಲ್ಲಿ ತಾದಿಯಾ ಫ್ರಿಜ್ಜಿನ ಮೇಲೆ ಕಾಫಿ ಕಪ್ಪು ಇಟ್ಟುಕೊಂಡು ನಿಂತಿದ್ದ. ಕಪ್ಪನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದಕ್ಕೆ ಜಾಗ ಬಿಟ್ಟ.